ನಕಲು ಎಲ್ಲಿರಬೇಕು? ವಿಎಂ ಬ್ಯಾಕಪ್ ಸರ್ವರ್ ನಡೆದು ಬಂದ ದಾರಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯ ಸಣ್ಣ ಕಾರ್ಖಾನೆಗಳ ಆಫೀಸಿನಲ್ಲಿ ಸಾಮಾನ್ಯವಾಗಿ ಒಂದು ಎಸಿ ಕೋಣೆ ಇರುತ್ತದೆ. ಅಲ್ಲೊಂದು ಸರ್ವರ್, ಅದರ ಕೆಳಗೆ ಯುಪಿಎಸ್. ನೋಡಲು ಒಂದೇ ಪೆಟ್ಟಿಗೆ. ಒಳಗೆ ಮಾತ್ರ ನಾಲ್ಕೈದು ಕಂಪ್ಯೂಟರ್ ಓಡುತ್ತಿರುತ್ತವೆ. ಟ್ಯಾಲಿ ಒಂದರಲ್ಲಿ, ಹಾಜರಾತಿ ಇನ್ನೊಂದರಲ್ಲಿ, ಸ್ಟೋರ್ಸ್ ಲೆಕ್ಕ ಮತ್ತೊಂದರಲ್ಲಿ. ಸಾಫ್ಟ್‌ವೇರ್‌ನಿಂದಷ್ಟೇ ಮಾಡಿದ ಇವೇ ವರ್ಚುವಲ್ ಮಷೀನ್‌ಗಳು. ಕೆಲಸ ಮಾಡುವವರ ಬಾಯಲ್ಲಿ ವಿಎಂಗಳು. ಅವನ್ನೆಲ್ಲ ಹೊತ್ತ ಪೆಟ್ಟಿಗೆಗೆ ಹೋಸ್ಟ್ ಎನ್ನುತ್ತಾರೆ. ಬ್ಯಾಕಪ್ ಇದೆಯಾ ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಎಲ್ಲಿದೆ ಎಂದು ಕೇಳಿದರೆ ಎಷ್ಟೋ ಸಲ ಬರುವ ಉತ್ತರ, "ಅದೇ ಸರ್ವರಿನ ಇನ್ನೊಂದು ಡಿಸ್ಕಿನಲ್ಲಿ."

ಈ ಉತ್ತರ ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಬ್ಯಾಕಪ್ ತಗೊಳ್ಳುವುದು ತುಂಬಾ ಸುಲಭವಾಯಿತು. ಸುಲಭವಾದಂತೆಲ್ಲ ನಕಲು ಅಸಲಿನ ಪಕ್ಕಕ್ಕೇ ಬಂದು ಕೂತಿತು. ಇದು ಹೇಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಯಂತ್ರದೊಳಗೆ ಹಲವು ಯಂತ್ರ ಓಡಿಸುವ ಯೋಚನೆ ಹಳೆಯದು. ಐಬಿಎಂ 1972ರಲ್ಲೇ ವಿಎಂ/370 ಪ್ರಕಟಿಸಿತ್ತು. ಅದು ದೊಡ್ಡ ಮೇನ್‌ಫ್ರೇಮ್‌ಗಳ ಮಾತು. ನಮ್ಮ ಆಫೀಸುಗಳ ಸಾಮಾನ್ಯ ಸರ್ವರ್‌ಗಳಿಗೆ ಅದು ಇಳಿದದ್ದು 1998ರಲ್ಲಿ ಶುರುವಾದ ವಿಎಂವೇರ್ ಕಂಪನಿಯ ಕಾಲದಲ್ಲಿ. 2001ರಲ್ಲಿ, ಒಂದು ಸರ್ವರಿನ ಮೇಲೆ ಹಲವು ವಿಎಂ ಓಡಿಸುವ ಅವರ ಸಾಫ್ಟ್‌ವೇರ್ ಇಎಸ್‌ಎಕ್ಸ್ ಸರ್ವರ್ ಬಂತು. 2007ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೇ ಕೆಲಸದ ಕೆವಿಎಂ ಸೇರಿತು. 2008ರಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ.

ಅದಕ್ಕೂ ಮೊದಲು ಬ್ಯಾಕಪ್ ಎಂದರೆ ಟೇಪು. 2000ದಲ್ಲಿ ಬಂದ, ಎಲ್‌ಟಿಒ ಎಂಬ ಬಗೆಯ ಮೊದಲ ಟೇಪಿನಲ್ಲಿ 100 ಜಿಬಿ ಹಿಡಿಯುತ್ತಿತ್ತು. ರಾತ್ರಿಯೆಲ್ಲ ಓಡಬೇಕು, ಬೆಳಿಗ್ಗೆ ಬಂದು ಟೇಪು ಬದಲಿಸಬೇಕು, ಲೇಬಲ್ ಅಂಟಿಸಿ ಬೀರುವಿನಲ್ಲಿ ಇಡಬೇಕು. ಬೇಜಾರಿನ ಕೆಲಸವೇ. ಆದರೆ ಅದರಲ್ಲೊಂದು ದೊಡ್ಡ ಗುಣ ಇತ್ತು. ಡ್ರೈವ್‌ನಿಂದ ಹೊರಗೆ ಬಂದ ಟೇಪನ್ನು ಯಾವ ವೈರಸ್ಸೂ ಮುಟ್ಟಲು ಆಗುವುದಿಲ್ಲ.

ವಿಎಂಗಳು ಬಂದ ಹೊಸದರಲ್ಲಿ ಜನ ಹಳೇ ಅಭ್ಯಾಸದಂತೆ ಪ್ರತಿ ವಿಎಂ ಒಳಗೂ ಒಂದೊಂದು ಬ್ಯಾಕಪ್ ಏಜೆಂಟ್, ಅಂದರೆ ಒಳಗಿನಿಂದಲೇ ನಕಲು ತೆಗೆದು ಕಳಿಸುವ ಸಣ್ಣ ಸಾಫ್ಟ್‌ವೇರ್, ಹಾಕಿದರು. ಮೊದಲು ಹತ್ತು ಸರ್ವರ್‌ಗೆ ಹತ್ತು ಡಿಸ್ಕು, ಹತ್ತು ನೆಟ್‌ವರ್ಕ್ ಕಾರ್ಡು ಇರುತ್ತಿದ್ದವು. ಈಗ ಹತ್ತೂ ಒಂದೇ ಹೋಸ್ಟಿನ ಮೇಲೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಏಜೆಂಟ್‌ಗಳೂ ಒಟ್ಟಿಗೆ ಎದ್ದರೆ ಹೋಸ್ಟ್ ಉಸಿರು ಬಿಡಲೂ ಆಗದೆ ಒದ್ದಾಡುತ್ತಿತ್ತು. ಬೆಳಗಿನ ಪಾಳಿಯವರು ಬಂದರೂ ಬ್ಯಾಕಪ್ ಮುಗಿದಿರುತ್ತಿರಲಿಲ್ಲ.

ಆಗಲೇ ಬೇರೆ ಬ್ಯಾಕಪ್ ಸರ್ವರ್ ಬೇಕು ಎನ್ನುವ ಯೋಚನೆ ಗಟ್ಟಿಯಾಯಿತು. ವಿಎಂನ ಇಡೀ ಡಿಸ್ಕು ಹೋಸ್ಟಿಗೆ ಬರೀ ಒಂದು ಫೈಲು, ಅಲ್ವಾ? ಹಾಗಿದ್ದರೆ ವಿಎಂ ಒಳಗೆ ಹೋಗುವುದೇಕೆ, ಹೊರಗಿನಿಂದಲೇ ಆ ಫೈಲನ್ನು ಎತ್ತಿಕೊಳ್ಳಬಹುದು. 2006ರಲ್ಲಿ ವಿಎಂವೇರ್ ಈ ಕೆಲಸಕ್ಕೆ ಕನ್ಸಾಲಿಡೇಟೆಡ್ ಬ್ಯಾಕಪ್ ಎಂಬ ಸಾಧನ ಕೊಟ್ಟಿತು. ಅದೇ ವರ್ಷ ಹುಟ್ಟಿದ ವೀಮ್ ಕಂಪನಿ 2008ರಲ್ಲಿ ತನ್ನ ಬ್ಯಾಕಪ್ ಸಾಫ್ಟ್‌ವೇರ್ ಹೊರತಂದಿತು.

ನಿಜವಾದ ತಿರುವು 2009ರಲ್ಲಿ ಬಂದ ವಿಎಂವೇರ್ ಸಾಫ್ಟ್‌ವೇರ್ ವಿಸ್ಫಿಯರ್ 4. ಅದರಲ್ಲಿ ಚೇಂಜ್ಡ್ ಬ್ಲಾಕ್ ಟ್ರ್ಯಾಕಿಂಗ್ ಬಂತು. ಕಳೆದ ಬ್ಯಾಕಪ್ ಆದಮೇಲೆ ಡಿಸ್ಕಿನ ಯಾವ ಯಾವ ತುಂಡು ಬದಲಾಗಿದೆ ಎಂದು ಹೋಸ್ಟೇ ಗುರುತು ಹಾಕಿ ಇಟ್ಟುಕೊಳ್ಳುತ್ತದೆ. ಬ್ಯಾಕಪ್ ಸರ್ವರ್ ಆ ತುಂಡುಗಳನ್ನಷ್ಟೇ ಕೇಳಿ ಪಡೆಯುತ್ತದೆ. ಇದರ ಬೆಲೆ ಗೊತ್ತಾಗಲು ಒಂದು ಲೆಕ್ಕ ಹಾಕೋಣ. 2 ಟಿಬಿ ಡೇಟಾವನ್ನು 100 ಎಂಬಿಪಿಎಸ್ ಲೈನಿನಲ್ಲಿ ಮೈಸೂರಿನಿಂದ ಮಂಡ್ಯದ ಬ್ರಾಂಚಿಗೆ ಕಳಿಸಲು ಸುಮಾರು 44 ಗಂಟೆ ಬೇಕು. ದಿನಕ್ಕೆ ಬದಲಾಗುವುದು 20 ಜಿಬಿ ಎಂದುಕೊಂಡರೆ ಅದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಊರಾಚೆ ಒಂದು ನಕಲು ಇಡುವುದು ಸಣ್ಣ ಆಫೀಸಿನ ಕೈಗೆ ಎಟುಕಿದ್ದು ಇಂಥ ತಂತ್ರದಿಂದ.

ಇದೇ ಹೊತ್ತಿಗೆ ಇನ್ನೊಂದು ಅಭ್ಯಾಸವೂ ಬೇರೂರಿತು. ಸ್ನ್ಯಾಪ್‌ಶಾಟ್ ತೆಗೆದು ಅದನ್ನೇ ಬ್ಯಾಕಪ್ ಎಂದು ನಂಬುವುದು. ಸ್ನ್ಯಾಪ್‌ಶಾಟ್ ತೆಗೆದಾಗ ಡಿಸ್ಕಿನ ಫೈಲು ಆ ಕ್ಷಣದಲ್ಲಿ ಇದ್ದ ಹಾಗೇ ಉಳಿಯುತ್ತದೆ, ಮುಂದಿನ ಬದಲಾವಣೆಗಳು ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತವೆ. ಅಪ್‌ಡೇಟ್ ಕೆಟ್ಟರೆ ಹಿಂದಕ್ಕೆ ಬರಲು ಬಹಳ ಒಳ್ಳೆಯದು. ಆದರೆ ಎರಡೂ ಫೈಲು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕು ಹೋದರೆ ಎರಡೂ ಹೋಗುತ್ತವೆ. ತಿಂಗಳುಗಟ್ಟಲೆ ಅಳಿಸದೆ ಬಿಟ್ಟರೆ ಆ ಪಕ್ಕದ ಫೈಲು ಬೆಳೆದು ಬೆಳೆದು ಜಾಗವನ್ನೇ ನುಂಗಿ, ವಿಎಂ ನಿಂತುಹೋಗಬಹುದು.

ಅಸಲು ಮತ್ತು ನಕಲು ಒಂದೇ ಜಾಗದಲ್ಲಿದ್ದರೆ ಏನಾಗುತ್ತದೆ ಎಂದು ಈಚಿನ ವರ್ಷಗಳು ಬಹಳ ಕಠಿಣವಾಗಿ ತೋರಿಸಿವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿತ್ತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬೆಂಕಿ ಶುರುವಾದದ್ದು ಯುಪಿಎಸ್‌ನ ಲಿಥಿಯಂ ಬ್ಯಾಟರಿಯಿಂದ. ಸರ್ಕಾರಿ ನೌಕರರ ಫೈಲುಗಳಿದ್ದ ಜಿ-ಡ್ರೈವ್‌ನ 858 ಟಿಬಿ ಹೋಯಿತು. ಹೊರಗೆ ಅದರ ನಕಲೇ ಇರಲಿಲ್ಲ. ಸರ್ವರ್ ಕೆಳಗೇ ಯುಪಿಎಸ್ ಇಟ್ಟುಕೊಂಡ ನಾವು ಈ ಸುದ್ದಿಯನ್ನು ಸುಮ್ನೆ ಓದಿ ಬಿಡಬಾರದು.

ಬೆಂಕಿಗಿಂತ ಜಾಸ್ತಿ ಕಾಡುವುದು ರಾನ್ಸಮ್‌ವೇರ್, ಅಂದರೆ ಡೇಟಾಕ್ಕೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ದುಷ್ಟ ಸಾಫ್ಟ್‌ವೇರ್. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಇಂಥ ದಾಳಿಗೆ ಸಿಕ್ಕಿದವು. ಐದು ಸರ್ವರ್‌ಗಳ ಸುಮಾರು 1.3 ಟಿಬಿ ಡೇಟಾಕ್ಕೆ ಬೀಗ ಬಿತ್ತು ಎಂದು ಸರ್ಕಾರ ಸಂಸತ್ತಿಗೆ ಹೇಳಿತು. ಚೀಟಿ, ದಾಖಲಾತಿ ಎಲ್ಲ ಕೈಬರಹಕ್ಕೆ ಬಂತು. ಆದರೂ ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವ ಇ-ಹಾಸ್ಪಿಟಲ್ ವ್ಯವಸ್ಥೆಯ ಡೇಟಾ ಪೂರ್ತಿ ವಾಪಸ್ ಸಿಕ್ಕಿತು. ದಾಳಿ ತಲುಪದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ ಅದನ್ನು ಹೊಸ ಸರ್ವರ್‌ಗಳಿಗೆ ಹಾಕಿದರು. 2023ರ ಫೆಬ್ರವರಿಯಲ್ಲಿ, ಇಎಸ್‌ಎಕ್ಸ್‌ನ ಮುಂದಿನ ರೂಪವಾದ ಇಎಸ್‌ಎಕ್ಸ್‌ಐ ಓಡುವ ಹೋಸ್ಟ್‌ಗಳ ಮೇಲೇ ನೇರ ದಾಳಿ ನಡೆಯಿತು. ಅದಕ್ಕೆ ಬಳಸಿದ್ದು ಎರಡು ವರ್ಷ ಮೊದಲೇ ಸರಿಪಡಿಸುವ ಪ್ಯಾಚ್ ಬಂದಿದ್ದ ದೋಷವನ್ನು. ಹೋಸ್ಟ್ ಕೈವಶವಾದರೆ ಅದರ ಮೇಲಿನ ಎಲ್ಲ ವಿಎಂಗಳೂ ಒಂದೇ ಏಟಿಗೆ ಹೋಗುತ್ತವೆ. ಬ್ಯಾಕಪ್ ಸರ್ವರ್ ಕೂಡ ಅದೇ ಹೋಸ್ಟಿನ ಮೇಲಿನ ಒಂದು ವಿಎಂ ಆಗಿದ್ದರೆ ಅದೂ ಜೊತೆಗೇ ಹೋಗುತ್ತದೆ.

ನಮ್ಮ ಕಾನೂನೂ ಅಷ್ಟರಲ್ಲಿ ಬಿಗಿಯಾಗಿತ್ತು. ಕಂಪ್ಯೂಟರಿನಲ್ಲಿ ಲೆಕ್ಕದ ಪುಸ್ತಕ ಇಡುವ ಕಂಪನಿಗಳು ಭಾರತದೊಳಗಿನ ಸರ್ವರ್‌ನಲ್ಲಿ ಅದರ ಬ್ಯಾಕಪ್ ಇಡಬೇಕೆಂಬ ನಿಯಮ ಮೊದಲೇ ಇತ್ತು. 2022ರ ಆಗಸ್ಟ್‌ನಲ್ಲಿ ಅದನ್ನು ದಿನವೂ ಮಾಡಬೇಕು ಎಂದು ಬದಲಿಸಿದರು.

ಇನ್ನೊಂದು ಒತ್ತಡ ಬೇರೆ ದಿಕ್ಕಿನಿಂದ ಬಂತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡುಕೊಂಡಿತು. ಡಿಸೆಂಬರ್‌ನಲ್ಲಿ, ಒಮ್ಮೆ ಕೊಂಡರೆ ಕಾಯಂ ಆಗಿದ್ದ ಲೈಸೆನ್ಸ್‌ಗಳ ಮಾರಾಟ ನಿಂತಿತು. ಚಂದಾ ಕಟ್ಟುತ್ತಲೇ ಇರಬೇಕಾದಾಗ ಸಣ್ಣವರ ಕಣ್ಣು ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್, ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಕಡೆ ತಿರುಗಿತು. ಅದು ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದು. 2008ರಿಂದ ಇದೆ. 2020ರ ನವೆಂಬರ್‌ನಲ್ಲಿ ಅವರ ಬ್ಯಾಕಪ್ ಸರ್ವರ್‌ನ ಮೊದಲ ಆವೃತ್ತಿಯೂ ಬಂದಿತ್ತು. ಅದು ವಿಎಂ ಡಿಸ್ಕನ್ನು 4 ಎಂಬಿ ತುಂಡುಗಳಾಗಿ ಮಾಡಿ, ಒಂದೇ ತರಹದ ತುಂಡನ್ನು ಒಮ್ಮೆ ಮಾತ್ರ ಇಡುತ್ತದೆ. ವಿಎಂ ಆಫ್ ಆಗಿ ಆನ್ ಆದರೆ ಬದಲಾವಣೆಯ ಗುರುತು ಅಳಿಸಿಹೋಗುತ್ತದೆ. ಆಗ ಮುಂದಿನ ಬ್ಯಾಕಪ್ ಇಡೀ ಡಿಸ್ಕನ್ನು ಓದುವುದರಿಂದ ಹೊತ್ತು ಹಿಡಿಯುತ್ತದೆ. ಕರೆಂಟ್ ಹೋದ ರಾತ್ರಿಯ ಬ್ಯಾಕಪ್ ನಿಧಾನವಾದರೆ ಗಾಬರಿಯಾಗಬೇಡಿ. ಕಳಿಸುವುದು ಹೊಸ ತುಂಡುಗಳನ್ನು ಮಾತ್ರ.

ಇಂಥದ್ದನ್ನು ಕೂರಿಸಲು ಬಹಳ ದೊಡ್ಡ ಯಂತ್ರ ಬೇಡ. 4 ಜಿಬಿ ರ‍್ಯಾಮ್, ಮೇಲೆ ಪ್ರತಿ ಟಿಬಿ ಸ್ಟೋರೇಜಿಗೆ ಇನ್ನೊಂದು ಜಿಬಿ ಎನ್ನುವುದು ಅವರೇ ಹೇಳುವ ಲೆಕ್ಕ. ಡಿಸ್ಕಿಗೆ ಎಸ್‌ಎಸ್‌ಡಿ ಹಾಕಿದರೆ, ಇಟ್ಟ ಬ್ಯಾಕಪ್ ಸರಿಯಿದೆಯೇ ಎಂಬ ಪರಿಶೀಲನೆ ಬೇಗ ಮುಗಿಯುತ್ತದೆ. ನಾನು ಒತ್ತಿ ಹೇಳುವುದು ಯಂತ್ರದ ಬಗ್ಗೆ ಅಲ್ಲ, ಪಾಸ್‌ವರ್ಡ್ ಬಗ್ಗೆ. ಹೋಸ್ಟಿಗೆ ಇರುವ ಪಾಸ್‌ವರ್ಡನ್ನೇ ಬ್ಯಾಕಪ್ ಸರ್ವರಿಗೂ ಇಡಬೇಡಿ. ಹೋಸ್ಟಿಗೆ ಬ್ಯಾಕಪ್ ಹಾಕುವ ಮತ್ತು ಓದುವ ಅಧಿಕಾರ ಇರಲಿ, ಹಳೆಯದನ್ನು ಅಳಿಸುವ ಅಧಿಕಾರ ಬೇಡ. ಇಷ್ಟೇ ಅಧಿಕಾರ ಕೊಡುವ ಒಂದು ರೋಲ್ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ನಲ್ಲೇ ಇದೆ. ಮಂಡ್ಯದ ಬ್ರಾಂಚಿನಲ್ಲಿ ಎರಡನೇ ಬ್ಯಾಕಪ್ ಸರ್ವರ್ ಇಟ್ಟರೆ, ಮೈಸೂರು ಅಲ್ಲಿಗೆ ಕಳಿಸುವ ಬದಲು ಮಂಡ್ಯದ್ದೇ ಬಂದು ಎಳೆದುಕೊಳ್ಳುವಂತೆ ಮಾಡಿ. ಆಗ ಮಂಡ್ಯದ ಪಾಸ್‌ವರ್ಡ್ ಮೈಸೂರಿನಲ್ಲಿ ಇರುವುದೇ ಇಲ್ಲ. ಮೈಸೂರಿಗೆ ನುಗ್ಗಿದವನಿಗೆ ಅದು ಸಿಗುವುದೂ ಇಲ್ಲ.

ತಿಂಗಳಿಗೊಮ್ಮೆ ಒಂದು ವಿಎಂ ಅನ್ನು ಬ್ಯಾಕಪ್‌ನಿಂದ ಬೇರೆ ವಿಎಂ ನಂಬರಿನಲ್ಲಿ, ಅಸಲಿನ ಮೇಲೆ ಬೀಳದಂತೆ, ರಿಸ್ಟೋರ್ ಮಾಡಿ. ನೆಟ್‌ವರ್ಕ್ ತೆಗೆದು ಆನ್ ಮಾಡಿ, ಟ್ಯಾಲಿ ತೆರೆದು ನಿನ್ನೆಯ ವೋಚರ್ ಇದೆಯಾ ಎಂದು ಅಕೌಂಟ್ಸಿನವರಿಗೇ ತೋರಿಸಿ. 2017ರ ಜನವರಿ ಕೊನೆಯಲ್ಲಿ ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ಅಳಿಸಿಹೋದಾಗ, ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇದ್ದೂ ಸರಿಯಾಗಿ ಕೆಲಸಕ್ಕೆ ಬಂದದ್ದು ಒಂದೂ ಇರಲಿಲ್ಲ. ಒಬ್ಬ ಎಂಜಿನಿಯರ್ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ನಕಲು ಕಾಪಾಡಿತು.

ಇನ್ನೊಂದು ವಿಷಯ. ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಹಾಕಿದ್ದರೆ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಮಾಡಿದ್ದರೆ, ಅದರ ಕೀಲಿ ಇರುವುದು ಹೋಸ್ಟಿನಲ್ಲಿ. ಹೋಸ್ಟ್ ಸುಟ್ಟರೆ ಮಂಡ್ಯದಲ್ಲಿ ಡೇಟಾ ಪೂರ್ತಿ ಇದ್ದರೂ ತೆರೆಯಲು ಆಗುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಕೀಲಿಯನ್ನು ಕ್ಯೂಆರ್ ಕೋಡ್ ಸಮೇತ ಕಾಗದಕ್ಕೆ ಪ್ರಿಂಟ್ ತೆಗೆಯುವ ಅನುಕೂಲ ಇದೆ. ಎರಡು ಪ್ರಿಂಟ್ ತೆಗೆದು, ಒಂದನ್ನು ಮಾಲೀಕರ ಬೀರುವಿನಲ್ಲಿ, ಇನ್ನೊಂದನ್ನು ಬ್ಯಾಂಕ್ ಲಾಕರ್‌ನಲ್ಲಿ ಇಡಿ.