ಮೊದಲ ಸೀಸನ್ ಬಿಟ್ಟು ನೋಡಿದರೆ ನಡೆಯುತ್ತದೆಯೇ?

ಓದುಗರ ಪ್ರಶ್ನೆ: “ಎಲ್ಲರೂ ಹೊಗಳುತ್ತಾರೆಂದು ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ನೋಡಲು ಕುಳಿತೆ. ಮೊದಲ ಕೆಲವು ಕಂತುಗಳು ತೀರಾ ಮಕ್ಕಳಾಟದಂತಿವೆ. ಮುಂದೆ ಗಂಭೀರವಾಗುತ್ತದೆ ಎನ್ನುತ್ತಾರೆ. ಸರಿಯಾಗಿ ಯಾವ ಸೀಸನ್‌ನಿಂದ ಅದು ದೊಡ್ಡವರ ಕಥೆಯಾಗುತ್ತದೆ? ಅಲ್ಲಿಂದಲೇ ಆರಂಭಿಸಬಹುದೇ?”

ಉತ್ತರ: ಧಾರಾವಾಹಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಒಮ್ಮೆ ‘ಅವತಾರ್’, ಇನ್ನೊಮ್ಮೆ ‘ಅಡ್ವೆಂಚರ್ ಟೈಮ್’, ಮತ್ತೊಮ್ಮೆ ‘ಸ್ಟೀವನ್ ಯೂನಿವರ್ಸ್’. ಹಿಂದೆ ಹಲವು ಬಾರಿ ಒಂದೆರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಂಡಿದ್ದೇನೆ. ಅದರಿಂದ ಪ್ರಶ್ನೆಗಳೇನೂ ಕಡಿಮೆಯಾಗಿಲ್ಲವಾದ್ದರಿಂದ ಈ ಸಲ ಪೂರ್ತಿಯಾಗಿಯೇ ಬರೆಯುತ್ತೇನೆ. ಚಿಕ್ಕ ಉತ್ತರ ಬೇಕಾದವರಿಗೆ: ನಡೆಯುವುದಿಲ್ಲ, ಮೊದಲಿನಿಂದಲೇ ನೋಡಿ. ಕಾರಣ ಬೇಕಾದವರು ಮುಂದೆ ಓದಬಹುದು, ಆದರೆ ಕಥೆಯ ಮುಖ್ಯ ತಿರುವುಗಳೆಲ್ಲ ಇಲ್ಲಿ ಬಯಲಾಗುತ್ತವೆ ಎಂಬುದು ನೆನಪಿರಲಿ.

ಈ ಪ್ರಶ್ನೆಯ ಹಿಂದೆ ಅಭಿಮಾನಿಗಳೇ ನೀರೆರೆದು ಬೆಳೆಸಿದ ಒಂದು ನಂಬಿಕೆಯಿದೆ. ಒಳ್ಳೆಯ ಕಾರ್ಟೂನ್‌ಗಳೆಲ್ಲ ಮೊದಲು ಮಕ್ಕಳಿಗಾಗಿ ಆರಂಭವಾಗುತ್ತವೆ, ನಡುವೆ ಎಲ್ಲೋ ಒಂದು ಗೆರೆ ಬರುತ್ತದೆ, ಆ ಗೆರೆ ದಾಟಿದ ಮೇಲೆ ತಯಾರಕರು ಮಕ್ಕಳನ್ನು ಕೈಬಿಟ್ಟು ದೊಡ್ಡವರತ್ತ ತಿರುಗುತ್ತಾರೆ, ಆದ್ದರಿಂದ ಗೆರೆಯ ಈಚೆಗಿರುವುದೆಲ್ಲ ಫಿಲ್ಲರ್, ಅಂದರೆ ಬರಿಯ ಜಾಗ ತುಂಬಿಸುವ ಕಂತುಗಳು, ಎಂಬುದು ಅದರ ಸಾರಾಂಶ. ಹೊಸಬರಿಗೆ ಶಿಫಾರಸು ಮಾಡುವಾಗ “ಮೊದಲ ಸೀಸನ್ ಹೇಗಾದರೂ ಸಹಿಸಿಕೊಳ್ಳಿ” ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳುವವರು ತಾವೇ ಮೆಚ್ಚಿದ ಕೃತಿಗೆ ಎಂಥ ಅನ್ಯಾಯ ಮಾಡುತ್ತಿದ್ದಾರೆಂದು ಒಮ್ಮೆಯೂ ಯೋಚಿಸುವುದಿಲ್ಲ. ಅಂಥ ಗೆರೆ ಇಲ್ಲ. ಮೈಕಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಸೃಷ್ಟಿಸಿದ ‘ಅವತಾರ್’ 2005ರ ಫೆಬ್ರುವರಿಯಲ್ಲಿ ನಿಕೆಲೋಡಿಯನ್ ಚಾನೆಲ್‌ನಲ್ಲಿ ಆರಂಭವಾಗಿ 2008ರ ಜುಲೈನಲ್ಲಿ 61 ಕಂತುಗಳಿಗೆ ಮುಗಿಯಿತು. ಮೊದಲಿನಿಂದ ಕೊನೆಯವರೆಗೂ ಅದು ಪ್ರಸಾರವಾದದ್ದು ಏಳು ವರ್ಷ ಮತ್ತು ಮೇಲ್ಪಟ್ಟ ಮಕ್ಕಳಿಗೆ ಎಂಬ ಅದೇ ಅಮೆರಿಕನ್ ವರ್ಗೀಕರಣದಡಿಯಲ್ಲಿ. ದೊಡ್ಡವರತ್ತ ತಿರುಗಿದರು ಎನ್ನುವವರು ಯಾವ ತಿರುವನ್ನು ಕುರಿತು ಮಾತನಾಡುತ್ತಿದ್ದಾರೆ?

ಮೂರನೆಯ ಕಂತನ್ನೇ ನೋಡಿ. ನೂರು ವರ್ಷ ಮಂಜುಗಡ್ಡೆಯೊಳಗೆ ಸಿಲುಕಿ ಎದ್ದ ಕಥಾನಾಯಕ, 12 ವರ್ಷದ ಆಂಗ್, ತಾನು ಬೆಳೆದ ಮಠಕ್ಕೆ ಗೆಳೆಯರನ್ನು ಕರೆದೊಯ್ಯುತ್ತಾನೆ. ಕಂತಿನ ಬಹುಪಾಲು ಆಟ, ನಗು, ಹುಡುಗಾಟಿಕೆ. ಉದ್ದ ಕಿವಿಯ ಒಂದು ಲೀಮರ್ ಕಾಣಿಸಿಕೊಳ್ಳುತ್ತದೆ. ಅದನ್ನು ಸಾಕಲು ಆಂಗ್, ತಿನ್ನಲು ಗೆಳೆಯ ಸೊಕ್ಕ, ಇಬ್ಬರೂ ಬೆನ್ನಟ್ಟುತ್ತಾರೆ. ಆ ಓಟದ ಕೊನೆಗೆ ಆಂಗ್ ತಲುಪುವುದು ತನ್ನನ್ನು ಸಾಕಿದ ಸನ್ಯಾಸಿ ಗ್ಯಾಟ್ಸೊನ ಅಸ್ಥಿಪಂಜರದ ಬಳಿಗೆ. ಸುತ್ತಲೂ ಬಿದ್ದಿರುವುದು ದಾಳಿ ಮಾಡಿದ ಫೈರ್ ನೇಷನ್ ಎಂಬ ದೇಶದ ಸೈನಿಕರ ಅವಶೇಷಗಳು. ಒಂದು ಇಡೀ ಜನಾಂಗದ ನಿರ್ನಾಮವನ್ನು ಏಳು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಿಬಿಟ್ಟ ಈ ಕಂತಿನಲ್ಲಿ ಹಾಸ್ಯ ಒಂದು ಕಡೆ, ಗಾಂಭೀರ್ಯ ಇನ್ನೊಂದು ಕಡೆ ಎಂದು ವಿಂಗಡಿಸಲು ಬರುವುದಿಲ್ಲ, ಏಕೆಂದರೆ ಹಾಸ್ಯವೇ ನಮ್ಮನ್ನು ಅಲ್ಲಿಗೆ ಕೈಹಿಡಿದು ಕರೆದೊಯ್ದದ್ದು. ಇನ್ನೂ ಒಂದು ಸಂಗತಿ ಇಲ್ಲಿದೆ. ಗ್ಯಾಟ್ಸೊ ಪ್ರತಿಯೊಂದು ಜೀವವೂ ಪವಿತ್ರವೆಂದು ನಂಬಿದ ಸಮುದಾಯದ ಸನ್ಯಾಸಿ, ಆದರೆ ಅವನು ಒಬ್ಬನೇ ಸತ್ತಿಲ್ಲ. ಅಲ್ಲಿ ಏನಾಯಿತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂತಿಮ ಕಂತುಗಳಲ್ಲಿ ಫೈರ್ ನೇಷನ್‌ನ ದೊರೆ ಒಜಾಯ್‌ನನ್ನು ಕೊಲ್ಲಬೇಕೆ, ಬೇಡವೇ ಎಂದು ಆಂಗ್ ತನ್ನ ಹಿಂದಿನ ಜನ್ಮಗಳ ಅವತಾರಗಳನ್ನೆಲ್ಲ ಕೇಳುತ್ತಾ ತೊಳಲಾಡುವುದನ್ನು ಪ್ರೌಢತೆಯ ಶಿಖರವೆಂದು ಕೊಂಡಾಡುವವರು ಆ ತೊಳಲಾಟದ ಬೇರು ಮೂರನೆಯ ಕಂತಿನಲ್ಲಿದೆ ಎಂಬುದನ್ನು ಮರೆತಿರುತ್ತಾರೆ, ಅಥವಾ ಆ ಕಂತನ್ನು ನೋಡಿಯೇ ಇರುವುದಿಲ್ಲ.

ಸಾಲದಿದ್ದರೆ ಹನ್ನೆರಡನೆಯ ಕಂತಿಗೆ ಬನ್ನಿ. ಅಲ್ಲಿಯವರೆಗೆ ಕಿರಿಚಾಡುವ, ಬೆನ್ನಟ್ಟುವ, ಪ್ರತಿ ಬಾರಿಯೂ ಸೋಲುವ ಖಳನಾಗಿದ್ದ ಫೈರ್ ನೇಷನ್ ರಾಜಕುಮಾರ ಜೂಕೊನ ಮುಖದ ಸುಟ್ಟ ಗಾಯ ಎಲ್ಲಿಂದ ಬಂತೆಂದು ತಿಳಿಯುವುದು ಆಗ. ಹೊಸದಾಗಿ ಸೇರಿದ ಸೈನಿಕರನ್ನು ಬಲಿಗೊಡುವ ಯೋಜನೆಯೊಂದನ್ನು ಯುದ್ಧ ಸಭೆಯಲ್ಲಿ ವಿರೋಧಿಸಿದ ಹದಿಮೂರರ ಹುಡುಗ, ದ್ವಂದ್ವಯುದ್ಧಕ್ಕೆ ನಿಂತಾಗ ಎದುರಿಗೆ ಕಂಡದ್ದು ತನ್ನ ತಂದೆ ಒಜಾಯ್‌ನನ್ನೇ. ಕಾದಾಡಲಾರೆನೆಂದು ಮೊಣಕಾಲೂರಿದ ಮಗನ ಮುಖವನ್ನು ತಂದೆ ಸುಟ್ಟು ದೇಶದಿಂದ ಹೊರಗಟ್ಟಿದ. ಇದು ಮೊದಲ ಸೀಸನ್‌ನ ಸಂಗತಿ. ಫಿಲ್ಲರ್ ಎಂದು ನೀವು ದಾಟಿಹೋಗಬೇಕೆಂದಿರುವ ಸೀಸನ್‌ನದು. ಎರಡನೆಯ ಸೀಸನ್‌ನ ಕೊನೆಗೆ ಜೂಕೊ ಸರಿದಾರಿಗೆ ಬಂದೇಬಿಟ್ಟ ಎನ್ನುವಾಗ ತಂಗಿಯ ಪಕ್ಷ ಸೇರುತ್ತಾನೆ. ಆ ಗಾಯದ ಕಥೆ ತಿಳಿಯದವರಿಗೆ ಅದು ಬರಿಯ ದ್ರೋಹ. ತಿಳಿದವರಿಗೆ, ತನ್ನನ್ನು ಸುಟ್ಟ ಕೈಯಿಂದಲೇ ಮೆಚ್ಚುಗೆ ಬೇಡುವ ಮಗನ ಅಸಹಾಯಕತೆ.

ಗೆರೆವಾದಿಗಳು ಅತಿ ಹೆಚ್ಚು ಉದಾಹರಿಸುವುದು ಎರಡನೆಯ ಸೀಸನ್‌ನಲ್ಲಿ ಬರುವ, ಜೂಕೊನ ದೊಡ್ಡಪ್ಪ ಐರೋನ ಪುಟ್ಟ ಕಥೆಯನ್ನು. ಊರಿನವರಿಗೆಲ್ಲ ಉಪಕಾರ ಮಾಡುತ್ತಾ ದಿನ ಕಳೆದ ಆ ಮುದುಕ ಸಂಜೆ ಗುಡ್ಡದ ಮೇಲೆ ಯುದ್ಧದಲ್ಲಿ ಸತ್ತ ತನ್ನ ಮಗನ ಚಿತ್ರವಿಟ್ಟು ಅಳುತ್ತಾನೆ. ಅವನಿಗೆ ಧ್ವನಿಯಾಗಿದ್ದ ನಟ ಮಾಕೊ 2006ರ ಜುಲೈನಲ್ಲಿ ತೀರಿಕೊಂಡಿದ್ದರಿಂದ ಆ ಭಾಗವನ್ನು ಅವರಿಗೇ ಅರ್ಪಿಸಲಾಗಿದೆ. ಅದು ಕೆಲವೇ ನಿಮಿಷಗಳ ಭಾಗ. ಅಷ್ಟು ಅಲ್ಪಾವಧಿಯಲ್ಲಿ ನೋಡುಗರ ಗಂಟಲು ಕಟ್ಟುವುದು ಏಕೆಂದರೆ, ಮೂವತ್ತಕ್ಕೂ ಹೆಚ್ಚು ಕಂತುಗಳಿಂದ ನಾವು ಅವನನ್ನು ಚಹಾದ ಹುಚ್ಚಿನ, ಹೊಟ್ಟೆಬಾಕ, ತಮಾಷೆಯ ದೊಡ್ಡಪ್ಪನೆಂದು ನಂಬಿಕೊಂಡು ಬಂದಿದ್ದೇವೆ. ಮಗ ಸತ್ತಿದ್ದಾನೆಂಬ ಸುಳಿವು ಮೊದಲ ಸೀಸನ್‌ನ ಕೊನೆಯಲ್ಲೇ ಒಂದು ಅರ್ಧ ವಾಕ್ಯವಾಗಿ ಬಂದುಹೋಗಿರುತ್ತದೆ. ಆ ನಗುವಿನ ಕಂತುಗಳನ್ನು ಕಿತ್ತುಹಾಕಿ ಈ ಅಳುವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದರೆ, ಅದು ತಳಪಾಯದಲ್ಲಿ ಯಾರೂ ವಾಸಿಸುವುದಿಲ್ಲವೆಂದು ಮೊದಲ ಮಹಡಿಯಿಂದಲೇ ಮನೆ ಕಟ್ಟಲು ಹೊರಟಂತೆ.

ಗೆರೆಯ ಆಚೆಗೆ ಹುಡುಗಾಟಿಕೆ ನಿಂತುಹೋಯಿತೆಂಬುದೂ ಸುಳ್ಳು. ಮೂರನೆಯ ಸೀಸನ್‌ನಲ್ಲಿ, ಮಹಾದಾಳಿಯ ಮುನ್ನಾದಿನಗಳಲ್ಲಿ ನಿದ್ದೆಗೆಟ್ಟ ಆಂಗ್‌ನ ಕಣ್ಣಿಗೆ ಅವನ ಹಾರುವ ಕಾಡೆಮ್ಮೆ ಆಪಾ ಮತ್ತು ಅದೇ ಲೀಮರ್ ಮೊಮೊ ಕತ್ತಿ ಹಿಡಿದು ಕಾದಾಡುವಂತೆ ಕಾಣುತ್ತದೆ; ಅಂತಿಮ ಯುದ್ಧಕ್ಕೆ ಸರಿಯಾಗಿ ಮೊದಲು ಬರುವ ಕಂತಿನಲ್ಲಿ ಇಡೀ ಧಾರಾವಾಹಿಯೇ ತನ್ನನ್ನು ತಾನು ನಾಟಕವಾಗಿ ಆಡಿಸಿಕೊಂಡು ಗೇಲಿ ಮಾಡಿಕೊಳ್ಳುತ್ತದೆ. ಮೊದಲ ಸೀಸನ್‌ನಲ್ಲಿ ಒಂದು ಕಂತು, ಕಣಿವೆ ದಾಟುವ ಎರಡು ಬುಡಕಟ್ಟುಗಳ ಜಗಳದ್ದು, ನಿಜಕ್ಕೂ ಸಪ್ಪೆಯಾಗಿದೆ ಎಂದು ನಾನೂ ಒಪ್ಪುತ್ತೇನೆ. ಆ ನಾಟಕದಲ್ಲಿ ಪಾತ್ರಗಳು ಅದೇ ಕಣಿವೆಯನ್ನು ನೋಡಿ ನಿಲ್ಲದೆ ಮುಂದೆ ಹಾರಿಹೋಗುತ್ತವೆ. ಬೇಕಿದ್ದರೆ ಅದೊಂದನ್ನು ಬಿಡಿ, ತಯಾರಕರ ಒಪ್ಪಿಗೆಯೇ ಇದೆ.

ಇದು ‘ಅವತಾರ್’ ಒಂದರದೇ ಲಕ್ಷಣವೇನಲ್ಲ. 2010ರಿಂದ 2018ರವರೆಗೆ ನಡೆದ ‘ಅಡ್ವೆಂಚರ್ ಟೈಮ್’ನ ಐಸ್ ಕಿಂಗ್ ಮೊದಮೊದಲು ರಾಜಕುಮಾರಿಯರನ್ನು ಹೊತ್ತೊಯ್ಯುವ ಪೆದ್ದ ಖಳ, ಮೂರನೆಯ ಸೀಸನ್‌ನಲ್ಲಿ ಅವನು ಹಿಂದೆ ಸೈಮನ್ ಪೆಟ್ರಿಕೊವ್ ಎಂಬ ವಿದ್ವಾಂಸನಾಗಿದ್ದನೆಂದೂ ಕಿರೀಟವೇ ಅವನ ಬುದ್ಧಿಯನ್ನು ತಿಂದುಹಾಕಿತೆಂದೂ ತಿಳಿಯುತ್ತದೆ, ನಾಲ್ಕನೆಯದರಲ್ಲಿ ಯುದ್ಧದ ಅವಶೇಷಗಳ ನಡುವೆ ಅವನು ಕಾಪಾಡಿದ ಮಗುವೇ ಕಥೆಯ ಇನ್ನೊಂದು ಮುಖ್ಯ ಪಾತ್ರವಾದ ಮಾರ್ಸಲೀನ್ ಎಂದು ತಿಳಿದಾಗ, ಅವಳು ಎದುರಿಗಿದ್ದರೂ ಅವನಿಗೆ ಗುರುತು ಸಿಗುವುದಿಲ್ಲ. ಮೊದಲ ಸೀಸನ್‌ನ ಕಂತುಗಳಲ್ಲಿ ಅವನನ್ನು ನೋಡಿ ನಕ್ಕವರಿಗೆ ಮಾತ್ರ ಆ ಕಂತಿನಲ್ಲಿ ನಾಚಿಕೆಯಾಗುತ್ತದೆ, ಮತ್ತು ಕಥೆಗಾರರಿಗೆ ಬೇಕಾಗಿದ್ದುದು ಆ ನಾಚಿಕೆಯೇ. ‘ಗ್ರಾವಿಟಿ ಫಾಲ್ಸ್’ನ ಮೊಟ್ಟಮೊದಲ ಕಂತಿನ ಕೊನೆಯಲ್ಲಿ ಮುದುಕ ಸ್ಟ್ಯಾನ್ ತಿಂಡಿ ಮಾರುವ ಯಂತ್ರದ ಹಿಂದಿನ ರಹಸ್ಯ ಬಾಗಿಲಿನೊಳಗೆ ಹೋಗುತ್ತಾನೆ, ಆ ಬಾಗಿಲಿನ ಪೂರ್ತಿ ಅರ್ಥ ಸಿಗುವುದು ಎರಡನೆಯ ಸೀಸನ್‌ನಲ್ಲಿ. ‘ಸ್ಟೀವನ್ ಯೂನಿವರ್ಸ್’ ಅನ್ನು 25ನೇ ಕಂತಿನಿಂದ ನೋಡಿ ಎಂಬ ಸಲಹೆಯೂ ಚಲಾವಣೆಯಲ್ಲಿದೆ. ಕನ್ನಡಿಯೊಳಗೆ ಬಂಧಿಯಾಗಿದ್ದವಳನ್ನು ಸ್ಟೀವನ್ ಬಿಡಿಸುವ ಕಂತು ಅದು. ತನ್ನನ್ನು ಬೆಳೆಸಿದವರ ಮಾತನ್ನು ಅವನು ಮೀರುತ್ತಾನೆ, ಆದರೆ ಹಿಂದಿನ 24 ಕಂತುಗಳಲ್ಲಿ ಅವನು ಅವರನ್ನು ಎಷ್ಟು ಕುರುಡಾಗಿ ನಂಬಿದ್ದನೆಂದು ಕಾಣದವರಿಗೆ ಆ ಮೀರುವಿಕೆಯ ತೂಕ ಹೇಗೆ ತಿಳಿಯಬೇಕು?

ಹಾಗಾದರೆ ಏನೂ ಬದಲಾಗುವುದಿಲ್ಲವೇ? ಬದಲಾಗುತ್ತದೆ. ಕಥೆಗೆ ನೆನಪು ಬರುತ್ತದೆ. ಆರಂಭದ ಕಂತುಗಳಲ್ಲಿ ನಡೆದದ್ದು ಆ ಕಂತಿಗೇ ಮುಗಿದಂತೆ ತೋರುತ್ತದೆ. ಬರಬರುತ್ತಾ ಹಿಂದೆ ಮಾಡಿದ ತಪ್ಪು, ಕೊಟ್ಟ ಮಾತು, ಕೈಬಿಟ್ಟ ಸ್ನೇಹ, ಎಲ್ಲವೂ ಪಾತ್ರಗಳನ್ನು ಹುಡುಕಿಕೊಂಡು ಬರುತ್ತವೆ. ಪ್ರೌಢತೆ ಎಂದು ನಾವು ಕರೆಯುವುದರ ಬಹುಪಾಲು ಇದೇ. ರಕ್ತ, ಸಾವು, ಕಪ್ಪು ಹಿನ್ನೆಲೆಗಳಲ್ಲಿ ಅದನ್ನು ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ.

ಈ ನೆನಪು ತಡವಾಗಿ ಬರುವುದಕ್ಕೆ ವ್ಯಾವಹಾರಿಕ ಕಾರಣವಿದೆ. ಮಕ್ಕಳ ಚಾನೆಲ್‌ಗಳು ಕಂತುಗಳನ್ನು ಮತ್ತೆ ಮತ್ತೆ, ಹಲವೊಮ್ಮೆ ಕ್ರಮ ತಪ್ಪಿಸಿ ಪ್ರಸಾರ ಮಾಡುತ್ತಿದ್ದವು. ಶಾಲೆಯಿಂದ ಬಂದ ಮಗು ಯಾವ ಕಂತನ್ನು ನೋಡಿದರೂ ಅರ್ಥವಾಗಬೇಕಿತ್ತು. ಮುಂದಿನ ಸೀಸನ್ ಸಿಗುವುದೆಂಬ ಖಾತರಿ ತಯಾರಕರಿಗೂ ಇರುತ್ತಿರಲಿಲ್ಲ. ಜನ ಮೆಚ್ಚಿದ ಮೇಲೆ, ಕಥೆಯನ್ನು ಕಂತಿನಿಂದ ಕಂತಿಗೆ ಎಳೆಯುವ ಧೈರ್ಯ ಚಾನೆಲ್‌ಗೂ ಬರುತ್ತದೆ. ಅಭಿಮಾನಿಗಳ ಒತ್ತಾಯಕ್ಕೆ ಕಥೆಯನ್ನು ತಕ್ಷಣ ಗಂಭೀರಗೊಳಿಸಿದರು ಎಂದು ಹೇಳುವವರು ಅನಿಮೇಷನ್ ಹೇಗೆ ತಯಾರಾಗುತ್ತದೆಂದು ತಿಳಿದುಕೊಂಡರೆ ಒಳ್ಳೆಯದು. ‘ಅವತಾರ್’ನ ಕಥೆ ಮತ್ತು ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಗಳು) ಅಮೆರಿಕದಲ್ಲಿ ಸಿದ್ಧವಾಗಿ, ಅನಿಮೇಷನ್ ದಕ್ಷಿಣ ಕೊರಿಯಾದ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು, ಬರೆದ ಕಂತು ಪರದೆಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಈ ವಾರದ ಚಪ್ಪಾಳೆ ಮುಂದಿನ ವಾರದ ಕಂತನ್ನು ಬದಲಿಸಲಾರದು.

ಗೆರೆ ನಿಜಕ್ಕೂ ಇರುವ ಒಂದು ಉದಾಹರಣೆಯನ್ನು ಹೇಳದಿದ್ದರೆ ಯಾರಾದರೂ ಎತ್ತಿಯೇ ಎತ್ತುತ್ತಾರೆ. ‘ಸಮುರಾಯ್ ಜ್ಯಾಕ್’ 2001ರಿಂದ 2004ರವರೆಗೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 52 ಕಂತುಗಳು ಬಂದು ನಿಂತು, 2017ರಲ್ಲಿ ದೊಡ್ಡವರ ಕಾರ್ಯಕ್ರಮಗಳಿಗೆ ಮೀಸಲಾದ ಅಡಲ್ಟ್ ಸ್ವಿಮ್‌ನಲ್ಲಿ ಹತ್ತು ಕಂತುಗಳೊಂದಿಗೆ ಮುಗಿಯಿತು. ಮೊದಲು ಜ್ಯಾಕ್ ಕತ್ತರಿಸುತ್ತಿದ್ದುದು ಹೆಚ್ಚಾಗಿ ರೋಬೋಟ್‌ಗಳನ್ನು, ಹರಿಯುತ್ತಿದ್ದುದು ಎಣ್ಣೆ. ಕೊನೆಯ ಸೀಸನ್‌ನಲ್ಲಿ ಮನುಷ್ಯರ ರಕ್ತ ಹರಿಯುತ್ತದೆ. ನೋಡುಗವರ್ಗ ಬದಲಾದದ್ದು ನಿಜ. ಆದರೆ ನನ್ನ ಅಭಿಪ್ರಾಯದಲ್ಲಿ ಆ ಧಾರಾವಾಹಿಯ ಅತ್ಯಂತ ಪ್ರೌಢ ಕ್ಷಣಗಳು ಮಾತಿಲ್ಲದೆ, ರಕ್ತವಿಲ್ಲದೆ ಸಾಗುವ ಹಳೆಯ ಕಂತುಗಳಲ್ಲೇ ಇವೆ.

ಯಾರೂ ಕೇಳದಿದ್ದರೂ ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಷಯವನ್ನು ಹೇಳಿಬಿಡುತ್ತೇನೆ. ಕೆಲವು ಕಾರ್ಟೂನ್‌ಗಳ ಮಕ್ಕಳು ಬೆಳೆಯುತ್ತಾರೆ, ಕೆಲವುಗಳ ಮಕ್ಕಳು ದಶಕಗಳಾದರೂ ಬೆಳೆಯುವುದಿಲ್ಲ. ಇದರಲ್ಲಿ ಧ್ವನಿ ಕೊಡುವವರ ಪಾತ್ರ ನಾವು ಎಣಿಸುವುದಕ್ಕಿಂತ ದೊಡ್ಡದು. ‘ದ ಸಿಂಪ್ಸನ್ಸ್’ನ ಹತ್ತು ವರ್ಷದ ಬಾರ್ಟ್‌ಗೆ 1987ರಿಂದಲೂ ಧ್ವನಿಯಾಗಿರುವವರು ನ್ಯಾನ್ಸಿ ಕಾರ್ಟ್‌ರೈಟ್. ಹುಡುಗನ ಪಾತ್ರಕ್ಕೆ ವಯಸ್ಕ ನಟಿಯನ್ನು ಆರಿಸಿದರೆ ಧ್ವನಿ ಒಡೆಯುವ ಭಯವಿಲ್ಲ, ಹುಡುಗ ಎಷ್ಟು ವರ್ಷ ಬೇಕಾದರೂ ಹುಡುಗನಾಗಿಯೇ ಇರಬಹುದು. ‘ಅಡ್ವೆಂಚರ್ ಟೈಮ್’ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅದರ ನಾಯಕ ಫಿನ್‌ನ ಪಾತ್ರಕ್ಕೆ ದನಿಯಾದ ಜೆರೆಮಿ ಶಾಡಾ ಸ್ವತಃ ಹದಿಹರೆಯದ ಹುಡುಗ. ಅವರ ಧ್ವನಿ ಒಡೆದಾಗ ಬೇರೆಯವರನ್ನು ಹುಡುಕದೆ ಫಿನ್‌ನ ಧ್ವನಿಯನ್ನೂ ಒಡೆಯಲು ಬಿಟ್ಟರು, ಅದರೊಂದಿಗೆ 12 ವರ್ಷದವನಾಗಿ ಕಥೆ ಆರಂಭಿಸಿದ ಫಿನ್‌ನ ವಯಸ್ಸೂ ಏರುತ್ತಾ ಹೋಯಿತು. ಧ್ವನಿಯ ಆ ಬದಲಾವಣೆಯನ್ನು ಕೇಳಿಸಿಕೊಳ್ಳಬೇಕೆಂದರೂ ಮೊದಲ ಸೀಸನ್ ನೋಡಲೇಬೇಕು. ಆಂಗ್‌ಗೆ ದನಿಯಾದವರೂ ಒಬ್ಬ ಬಾಲಕನೇ, ಜ್ಯಾಕ್ ಟೈಲರ್ ಐಸೆನ್. ಆದರೆ ಅಲ್ಲಿ ವಯಸ್ಸಿನ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಪ್ರಸಾರಕ್ಕೆ ಮೂರು ವರ್ಷಕ್ಕೂ ಹೆಚ್ಚು ಹಿಡಿದ ಆ ಇಡೀ ಕಥೆ ಚಳಿಗಾಲದಲ್ಲಿ ಆರಂಭವಾಗಿ ಬೇಸಿಗೆಯ ಕೊನೆಗೆ ಮುಗಿಯುತ್ತದೆ. ದೊಡ್ಡವರ ಕಥೆಯಾಯಿತೆಂದು ನೀವು ಕೇಳಿರುವ ಆ ಕೊನೆಯ ಕಂತುಗಳಲ್ಲಿ ಹುಡುಗ ಇನ್ನೂ ಹನ್ನೆರಡರ ಆಸುಪಾಸಿನಲ್ಲೇ ಇದ್ದಾನೆ.