ಏಳು ಬೈಟಿನ ಕೊಂಡಿ, ಎಂಟು ವರ್ಷದ ದುಡಿಮೆ

ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಹಾಕಿದ ಇಂದಿನ ಗಣಕದಲ್ಲಿ, ಆದೇಶಗಳು (ಪ್ರೋಗ್ರಾಮುಗಳು) ಇರುವ /ಬಿನ್ ಎಂಬುದು ಫೋಲ್ಡರ್ ಅಲ್ಲ. ‘ಯುಎಸ್‌ಆರ್/ಬಿನ್’ ಎಂಬ ಬೇರೊಂದು ವಿಳಾಸದ ಕಡೆಗೆ ಬೆರಳು ತೋರಿಸುವ ಕೊಂಡಿ, ಅಂದರೆ ಸಿಮ್‌ಲಿಂಕ್ ಅದು. ಅದರ ಗಾತ್ರ ಬರೀ 7 ಬೈಟ್. ಆ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಎಷ್ಟು ಚಿಹ್ನೆಗಳೋ ಅಷ್ಟು. ಇಷ್ಟು ಚಿಕ್ಕದೊಂದು ಕೊಂಡಿ ಸರಿಯಾಗಿ ಕೂರಲು ಡೆಬಿಯನ್ ಬಳಗಕ್ಕೆ ಹತ್ತಿರ ಹತ್ತಿರ ಎಂಟು ವರ್ಷ ಹಿಡಿಯಿತು.

ಬೇರು ಹುಡುಕಿ ಹೊರಟರೆ 1970ರ ದಶಕದ ಆರಂಭಕ್ಕೆ ಹೋಗಬೇಕು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಪಿಡಿಪಿ-11 ಯಂತ್ರದಲ್ಲಿ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಾರ್ಯವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ ಮೊದಲ ಡಿಸ್ಕ್ ತುಂಬಿತು. ಬಳಕೆದಾರರ ಕಡತಗಳಿದ್ದ ಎರಡನೇ ಡಿಸ್ಕಿನ /ಯುಎಸ್‌ಆರ್‌ಗೆ ಉಳಿದ ಆದೇಶಗಳು ಸಾಗಿದವು. ಜಾಗ ಸಾಲದೆ ಆದ ಈ ಹಂಚಿಕೆ ಮುಂದೆ ಸಂಪ್ರದಾಯವಾಯಿತು: ಗಣಕ ಏಳಲು ಬೇಕಾದದ್ದು /ಬಿನ್‌ನಲ್ಲಿ, ಮಿಕ್ಕಿದ್ದು /ಯುಎಸ್‌ಆರ್/ಬಿನ್‌ನಲ್ಲಿ. ಸಿಮ್‌ಲಿಂಕ್ ಸೌಲಭ್ಯ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಜತೆಗೆ ಬಂದದ್ದು 1983ರಲ್ಲಿ. ಡಿಸ್ಕುಗಳು ದೊಡ್ಡವಾದ ಮೇಲೆ ಈ ವಿಭಜನೆಗೆ ಅರ್ಥ ಉಳಿಯಲಿಲ್ಲ. 2012ರಲ್ಲಿ ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾದ 17ನೇ ಆವೃತ್ತಿ ಎರಡನ್ನೂ ಒಂದಾಗಿಸಿ, ಹಳೆಯ ದಾರಿಗಳಲ್ಲಿ ಸಿಮ್‌ಲಿಂಕ್ ಇಟ್ಟಿತು.

ಹಳೆಯ ದಾರಿಯನ್ನು ಕಿತ್ತುಹಾಕುವಂತಿಲ್ಲ. ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ‘/ಬಿನ್/ಎಸ್‌ಎಚ್’ ಎಂದಿದೆ. ಸಾಮಾನ್ಯ 64 ಬಿಟ್ ಪಿಸಿಯಲ್ಲಿ ಬಹುಪಾಲು ಪ್ರೋಗ್ರಾಮುಗಳನ್ನು ಎಬ್ಬಿಸುವ ಲೋಡರಿನ ವಿಳಾಸ /ಲಿಬ್64 ಎಂದೇ ಆಯಾ ಪ್ರೋಗ್ರಾಮಿನೊಳಗೆ ಅಚ್ಚಾಗಿದೆ. ಆ ಫೋಲ್ಡರನ್ನು ಪಕ್ಕಕ್ಕಿಟ್ಟು ಅದರ ಜಾಗದಲ್ಲಿ ಕೊಂಡಿ ಇಡುವ ನಡುವಿನ ಕ್ಷಣದಲ್ಲಿ, ಕೊಂಡಿ ಇಡಬೇಕಾದ ‘ಎಲ್‌ಎನ್’ ಆದೇಶವೇ ಓಡುವುದಿಲ್ಲ. ಓಡುತ್ತಿರುವ ಗಣಕದಲ್ಲಿ ಇಂಥ ಬದಲಾವಣೆ ಮಾಡುವವರ ಎದೆ ಗಟ್ಟಿಯಿರಬೇಕು.

ಡೆಬಿಯನ್‌ನಲ್ಲಿ ಈ ಕೆಲಸಕ್ಕೆಂದು ಮಾರ್ಕೊ ಡಿಟ್ರಿ ‘ಯುಎಸ್‌ಆರ್‌ಮರ್ಜ್’ ಎಂಬ ಪ್ಯಾಕೇಜ್ (ಗಣಕಕ್ಕೆ ಹಾಕಿಕೊಳ್ಳುವ ತಂತ್ರಾಂಶದ ಕಟ್ಟು) ಬರೆದರು. ಡೆಬಿಯನ್ ಹೊಸದಾಗಿ ಹಾಕಿಕೊಳ್ಳುವ ಗಣಕಗಳಲ್ಲಿ ಒಂದಾದ ವಿನ್ಯಾಸವನ್ನೇ ರೂಢಿ ಮಾಡುವ ಯತ್ನ 2016ರಲ್ಲಿ ಶುರುವಾಗಿ, ಹಿಂದೆ ಸರಿದು, 2019ರ ಡೆಬಿಯನ್ 10ರಲ್ಲಿ ನೆಲೆಯೂರಿತು. ಬಳಕೆದಾರರಿಗೆ ಏನೂ ತಿಳಿಯಲಿಲ್ಲ, ಎಲ್ಲವೂ ನಡೆಯುತ್ತಿತ್ತು. ತೊಂದರೆ ಇದ್ದದ್ದು ಪ್ಯಾಕೇಜುಗಳನ್ನು ಗಣಕಕ್ಕೆ ಹಾಕಿ, ಅವುಗಳ ಲೆಕ್ಕವಿಡುವ ಡಿಪಿಕೆಜಿ ಎಂಬ ಪ್ರೋಗ್ರಾಮಿಗೆ. /ಬಿನ್‌ನಂತೆಯೇ ಕೊಂಡಿಯಾದ /ಲಿಬ್ ಮತ್ತು /ಯುಎಸ್‌ಆರ್/ಲಿಬ್ ಡಿಸ್ಕಿನಲ್ಲಿ ಒಂದೇ ಆಗಿದ್ದರೂ, ಅದರ ಖಾತೆಯಲ್ಲಿ ಅವು ಎರಡು ಬೇರೆ ಊರುಗಳು.

ಇದರಿಂದ ಆಗುವ ಅನಾಹುತ ನೋಡಿ. ‘ಕ’ ಪ್ಯಾಕೇಜಿನಲ್ಲಿ /ಲಿಬ್ ಒಳಗೊಂದು ಫೈಲ್ ಇದೆ. ಹೊಸ ಆವೃತ್ತಿಯಲ್ಲಿ ಅದನ್ನು ‘ಖ’ ಪ್ಯಾಕೇಜಿಗೆ ವರ್ಗಾಯಿಸಿ, ವಿಳಾಸವನ್ನೂ /ಯುಎಸ್‌ಆರ್/ಲಿಬ್ ಎಂದು ಬದಲಿಸಿದ್ದಾರೆ. ಡಿಪಿಕೆಜಿ ಮೊದಲು ‘ಖ’ವನ್ನು ಬಿಚ್ಚಿ ಫೈಲನ್ನು ಇಡುತ್ತದೆ. ಆಮೇಲೆ ‘ಕ’ದ ಸರದಿ. ಹಳೆಯ ಪಟ್ಟಿಯಲ್ಲಿದ್ದ ಫೈಲ್ ಹೊಸ ಪಟ್ಟಿಯಲ್ಲಿಲ್ಲ, ಅಳಿಸು. ಅಳಿಸುವ ಕೈ ಸಿಮ್‌ಲಿಂಕ್ ಹಾದು ಹೋಗಿ, ಈಗಷ್ಟೇ ಇಟ್ಟ ಫೈಲನ್ನೇ ಒರೆಸಿಬಿಡುತ್ತದೆ. ಖಾತೆಯಲ್ಲಿ ಎರಡೂ ಪ್ಯಾಕೇಜ್ ಕ್ಷೇಮ, ಡಿಸ್ಕಿನಲ್ಲಿ ಫೈಲ್ ಇಲ್ಲ. ದೋಷದ ಸಂದೇಶವೂ ಬರುವುದಿಲ್ಲ.

ಡಿಪಿಕೆಜಿಯ ನಿರ್ವಾಹಕರು ಈ ವಿಧಾನವೇ ಸರಿಯಲ್ಲ ಎಂದು ಎಚ್ಚರಿಸುತ್ತಲೇ ಇದ್ದರು. ವಾದ ಡೆಬಿಯನ್‌ನ ತಾಂತ್ರಿಕ ಸಮಿತಿಯ ಮೆಟ್ಟಿಲೇರಿತು. ಡೆಬಿಯನ್ 12ರಿಂದ ಒಂದಾದ ವಿನ್ಯಾಸಕ್ಕೆ ಮಾತ್ರ ಬೆಂಬಲ ಎಂದು ತೀರ್ಮಾನಿಸಿದ ಸಮಿತಿ, ಫೈಲುಗಳನ್ನು /ಯುಎಸ್‌ಆರ್‌ಗೆ ಸಾಗಿಸುವುದನ್ನು ಸದ್ಯಕ್ಕೆ ತಡೆಹಿಡಿಯಿತು. ಒಂದಾಗಿಸುವ ನಿರ್ಧಾರ ಸರಿಯಾಗಿಯೇ ಇತ್ತು ಎಂದು ನಾನು ನಂಬುತ್ತೇನೆ. ಆದರೆ ಲೆಕ್ಕ ಬರೆಯುವವನಿಗೆ ಹೇಳದೆ ಮನೆಯ ಬಾಗಿಲು ಬದಲಿಸಿದ್ದು ತಪ್ಪು. ಎಚ್ಚರಿಸಿದವರ ಮಾತನ್ನು ಹಟ ಎಂದು ತಳ್ಳಿಹಾಕಿದ್ದು ಇನ್ನೂ ದೊಡ್ಡ ತಪ್ಪು.

ದಾರಿ ತೆರೆದದ್ದು ಡೆಪ್-17 ಎಂಬ ಪ್ರಸ್ತಾವ. 2023ರ ಜೂನ್‌ನಲ್ಲಿ ಡೆಬಿಯನ್ 12 ಹೊರಬಂದ ಮೇಲೆ ಹೆಲ್ಮುಟ್ ಗ್ರೋನೆ ಮುಂದೆ ನಿಂತು ಇದನ್ನು ನಡೆಸಿದರು. ಉಪಾಯ ಸರಳ: ಡಿಪಿಕೆಜಿ ಎರಡು ವಿಳಾಸಗಳನ್ನು ಬೇರೆ ಎಂದುಕೊಂಡರೆ, ಯಾವ ಪ್ಯಾಕೇಜಿನಲ್ಲೂ ಹಳೆಯ ವಿಳಾಸವೇ ಉಳಿಯದಂತೆ ಮಾಡುವುದು. ದುಡಿಮೆ ಮಾತ್ರ ಸರಳವಾಗಿರಲಿಲ್ಲ. ಒಂದೊಂದೇ ಪ್ಯಾಕೇಜನ್ನು ತಿದ್ದಬೇಕು, ಫೈಲ್ ಕಳೆದುಹೋಗಬಹುದಾದ ಕಡೆ ಕಾವಲಿಡಬೇಕು, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರುವ ಎಲ್ಲ ಬಗೆಗಳನ್ನೂ ಪರೀಕ್ಷಿಸಬೇಕು. ಹೊರಗಿನವರ ಕಣ್ಣಿಗೆ ಬೀಳದ ಈ ಕೆಲಸವನ್ನು ನೆನೆದರೆ ನನಗೆ ಗೌರವ ಮೂಡುತ್ತದೆ.

ಬ್ಯಾಷ್, ಡ್ಯಾಷ್, ಜಿಲಿಬ್‌ಸಿಯಂಥ ತಳಪಾಯದ ಪ್ಯಾಕೇಜುಗಳು 2024ರಲ್ಲಿ ಕೊನೆಯದಾಗಿ ಸರಿದವು. ಅಲ್ಲಿಯವರೆಗೆ ಡಿಸ್ಕಿನಲ್ಲಿದ್ದ ಆ ಕೊಂಡಿಗೆ ವಾರಸುದಾರರೇ ಇರಲಿಲ್ಲ. /ಬಿನ್ ಒಂದು ಫೋಲ್ಡರ್ ಎಂದೇ ಹಲವು ಪ್ಯಾಕೇಜುಗಳ ಪಟ್ಟಿ ಹೇಳುತ್ತಿತ್ತು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ‘ಬೇಸ್-ಫೈಲ್ಸ್’ ಪ್ಯಾಕೇಜಿನ ಪಟ್ಟಿಯಲ್ಲೇ /ಬಿನ್ ಸಿಮ್‌ಲಿಂಕ್ ಆಗಿ ದಾಖಲಾಗಿದೆ.