ಡೆನ್ವರ್‌ನಲ್ಲಿ ಬೇಳೆ ಯಾಕೆ ಹಟ ಹಿಡಿಯುತ್ತೆ?

ತಂಗಿಯ ಮನೆಯ ಕುಕ್ಕರ್ ಗ್ಯಾಸ್ಕೆಟ್ ಹರಿದಿತ್ತು. ಅವಳಿರುವುದು ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ. ಹೊಸ ಗ್ಯಾಸ್ಕೆಟ್ ಬರಲು ಮೂರು ದಿನ. ‘ಅದಕ್ಕೇನಂತೆ, ನಮ್ಮಜ್ಜಿ ಏನು ಕುಕ್ಕರ್‌ನಲ್ಲಿ ಸಾರು ಮಾಡ್ತಿದ್ರಾ?’ ಅಂತ ಜಂಬ ಕೊಚ್ಚಿಕೊಂಡು ನಾನೇ ತೊಗರಿಬೇಳೆ ತೊಳೆದು, ಪಾತ್ರೆಯಲ್ಲಿ ಹಾಕಿ ಒಲೆ ಮೇಲಿಟ್ಟೆ. ನೀರು ಬೇಗನೇ ಕುದಿಯಿತು. ನೊರೆ ಉಕ್ಕಿತು, ತೆಗೆದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಒಂದು ಬೇಳೆ ಎತ್ತಿ ಬೆರಳಲ್ಲಿ ಹಿಸುಕಿದೆ. ಅಂಚು ಮೆತ್ತಗಾಗಿದೆ, ನಡುವೆ ಇನ್ನೂ ಗಟ್ಟಿ.

‘ಅಣ್ಣ, ಉರಿ ಜಾಸ್ತಿ ಮಾಡು’ ಅಂದಳು ತಂಗಿ.

ಕೇಕ್ ಮಾಡುವಾಗ ಬಳಸುವ ಥರ್ಮಾಮೀಟರ್ ಡ್ರಾಯರ್‌ನಲ್ಲಿತ್ತು. ಕುದಿಯುವ ನೀರಿಗೆ ಅದ್ದಿದೆ. 95 ಡಿಗ್ರಿ ಸೆಲ್ಸಿಯಸ್. ಉರಿ ಪೂರ್ತಿ ಏರಿಸಿದೆ. ನೀರು ಕೊತಕೊತ ಕುದಿದು ಒಲೆ ಮೇಲೆಲ್ಲ ಚೆಲ್ಲಿತು. ಮತ್ತೆ ನೋಡಿದರೆ ಅದೇ 95.

ಕೊಲರಾಡೋ ಅಂದ ಕೂಡಲೇ ಎಲ್ಲರೂ ಹೇಳುವುದು ತಲೆಯಿಲ್ಲದ ಕೋಳಿಯ ಕಥೆ. 1945ರಲ್ಲಿ ಫ್ರೂಟಾ ಎಂಬ ಊರಿನಲ್ಲಿ ತಲೆ ಕಡಿದ ಮೇಲೂ ಒಂದು ಹುಂಜ ಹದಿನೆಂಟು ತಿಂಗಳು ಬದುಕಿತ್ತು. ಅದರ ಹೆಸರು ಮೈಕ್. ಕಥೆ ನಿಜವೇ. ಆದರೆ ಇದನ್ನು ‘ಪವಾಡ’ ಅಂತ ಹಂಚಿಕೊಳ್ಳುವವರನ್ನು ಕಂಡರೆ ನನಗೆ ತಲೆ ಬಿಸಿಯಾಗುತ್ತೆ. ಕೊಡಲಿ ಏಟು ಸ್ವಲ್ಪ ಮೇಲೆ ಬಿದ್ದಿತ್ತು. ಮೆದುಳಿನ ಬುಡದ ಭಾಗ ಉಳಿದಿತ್ತು, ಉಸಿರಾಟವನ್ನೂ ಎದೆಬಡಿತವನ್ನೂ ನೋಡಿಕೊಳ್ಳುವುದು ಆ ಭಾಗವೇ. ರಕ್ತ ಹೆಪ್ಪುಗಟ್ಟಿ ಸೋರುವುದು ನಿಂತಿತ್ತು. ಯಜಮಾನ ಡ್ರಾಪರ್‌ನಲ್ಲಿ ನೇರವಾಗಿ ಅನ್ನನಾಳಕ್ಕೆ ಆಹಾರ ಬಿಡುತ್ತಿದ್ದ. ಅಷ್ಟೇ. ನನ್ನ ಪ್ರಕಾರ ಕೊಲರಾಡೋದ ನಿಜವಾದ ಸೋಜಿಗ ಆ ಹುಂಜ ಅಲ್ಲ, ಬೇಯದ ಬೇಳೆ.

ಮೊದಲು ಈ ರಾಜ್ಯ ಎಷ್ಟು ಎತ್ತರದಲ್ಲಿದೆ ಅಂತ ಅಂದಾಜು ಸಿಗಬೇಕು. ಇಡೀ ರಾಜ್ಯದ ಸರಾಸರಿ ಎತ್ತರ ಸುಮಾರು 2,070 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ ಇರುವುದು 1,930 ಮೀಟರ್‌ನಲ್ಲಿ. ಅಂದರೆ ಕರ್ನಾಟಕದ ಅತಿ ಎತ್ತರದ ಜಾಗ ಅಲ್ಲಿನ ಸರಾಸರಿಗೂ ಸಮ ಅಲ್ಲ. ಕೊಲರಾಡೋದ ಅತಿ ತಗ್ಗಿನ ಜಾಗ, ಪೂರ್ವದ ಗಡಿಯಲ್ಲಿ ಅರಿಕರೀ ನದಿ ಹೊರಗೆ ಹರಿಯುವಲ್ಲಿ, ಅದೂ 1,011 ಮೀಟರ್. ಬೆಂಗಳೂರಿಗಿಂತ ಎತ್ತರ! 14,000 ಅಡಿ ದಾಟಿದ ಶಿಖರಗಳೇ ಐವತ್ತಕ್ಕೂ ಜಾಸ್ತಿ. ಎಲ್ಲಕ್ಕಿಂತ ದೊಡ್ಡದು ಮೌಂಟ್ ಎಲ್ಬರ್ಟ್, 4,401 ಮೀಟರ್.

ಈಗ ಪಾತ್ರೆಗೆ ಬರೋಣ. ನೀರು 100 ಡಿಗ್ರಿಗೆ ಕುದಿಯುತ್ತೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದಾರೆ. ಅದು ನೀರಿನ ಹುಟ್ಟುಗುಣ ಅಂತ ನಾವೂ ನಂಬಿದ್ದೇವೆ. ಅದು ನೀರು ಮತ್ತು ಗಾಳಿ ಇಬ್ಬರ ನಡುವಿನ ಒಪ್ಪಂದ.

ಕೌದಿಗಳ ರಾಶಿ ನೆನಪಿಸಿಕೊಳ್ಳಿ. ಅಟ್ಟದ ಮೇಲೆ ಒಂದರ ಮೇಲೊಂದು ಹತ್ತು ಕೌದಿ ಪೇರಿಸಿದರೆ ತಳದ ಕೌದಿ ಅಪ್ಪಚ್ಚಿಯಾಗಿರುತ್ತೆ, ಮೇಲಿನದು ಉಬ್ಬಿಕೊಂಡಿರುತ್ತೆ. ಗಾಳಿಯೂ ಹಾಗೇ. ಸಮುದ್ರದ ದಡದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, ಅಂದರೆ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ, ಸುಮಾರು ಒಂದು ಕಿಲೋ ಗಾಳಿ ಕೂತಿರುತ್ತೆ. ಡೆನ್ವರ್‌ಗೆ ಹೋದರೆ ಕೆಳಗಿನ ಒಂದೆರಡು ಕೌದಿ ದಾಟಿ ಮೇಲೆ ಬಂದ ಹಾಗೆ. ಅಲ್ಲಿ ಉಗುರಿನ ಮೇಲಿರುವುದು 850 ಗ್ರಾಂ ಚಿಲ್ಲರೆ. ಅದಕ್ಕೇ ಕೆಳಗಿನ ಊರಿಂದ ತಂದ ಚಿಪ್ಸ್ ಪ್ಯಾಕೆಟ್ ಅಲ್ಲಿ ಊದಿಕೊಂಡು ಒಡೆಯುವ ಹಾಗಿರುತ್ತೆ.

ನೀರಿನೊಳಗಿನ ಅಣುಗಳು ಬಿಸಿಯಾದಷ್ಟೂ ಹೊರಗೆ ಓಡಲು ನೂಕುತ್ತವೆ. ಬೆಲ್ ಹೊಡೆದ ಮೇಲೆ ತರಗತಿಯ ಬಾಗಿಲು ನೂಕುವ ಮಕ್ಕಳಂತೆ. ಹೊರಗಿನಿಂದ ಮೇಷ್ಟ್ರು ಬಾಗಿಲು ಒತ್ತಿ ಹಿಡಿದಿದ್ದಾರೆ. ಆ ಮೇಷ್ಟ್ರೇ ಗಾಳಿ. ಮಕ್ಕಳ ನೂಕು ಮೇಷ್ಟ್ರ ಬಲಕ್ಕೆ ಸಮವಾದ ಕ್ಷಣ ಬಾಗಿಲು ತೆರೆಯುತ್ತೆ, ಎಲ್ಲರೂ ಒಮ್ಮೆಗೇ ಹೊರಗೆ. ಕುದಿಯುವುದು ಅಂದರೆ ಅದೇ. ಪಾತ್ರೆಯ ತಳದಲ್ಲಿ ಹುಟ್ಟಿದ ಆವಿಗುಳ್ಳೆ ಹೊರಗಿನ ಗಾಳಿಯ ಒತ್ತಡ ತಾಳಿಕೊಂಡು, ಕುಸಿಯದೆ ಮೇಲೆ ಬಂದರೆ ಅದು ಕುದಿ. ಡೆನ್ವರ್‌ನ ಮೇಷ್ಟ್ರು ಸ್ವಲ್ಪ ಬಡಕಲು. 95 ಡಿಗ್ರಿಯ ನೂಕಿಗೇ ಸೋಲುತ್ತಾರೆ. ಇನ್ನೂ ಮೇಲೆ, 3,094 ಮೀಟರ್‌ನಲ್ಲಿರುವ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿನಲ್ಲಿ 90ಕ್ಕೇ. ಎಲ್ಬರ್ಟ್ ತುದಿಯಲ್ಲಿ ಒಲೆ ಹಚ್ಚಿದರೆ 85ರ ಆಸುಪಾಸು. (ಬೆಂಗಳೂರಿನ ನೀರೂ 100 ಮುಟ್ಟಲ್ಲ, 97ಕ್ಕೆ ಕೈಚೆಲ್ಲುತ್ತೆ.)

ಸರಿ, ಉರಿ ಏರಿಸಿದರೂ ಯಾಕೆ ಬಿಸಿ ಏರಲ್ಲ? ಕುದಿಯುವ ನೀರು ಕೈಗೆ ಬಂದ ಸಂಬಳವನ್ನು ಅವತ್ತೇ ಖಾಲಿ ಮಾಡುವ ಮನುಷ್ಯನಂತೆ. ಎಷ್ಟು ಬಿಸಿ ಕೊಟ್ಟರೂ ಅದೆಲ್ಲ ಆವಿಯಾಗಿ ಹೊರಗೆ ಹೋಗಲು ಖರ್ಚು. ಉಳಿತಾಯ ಸೊನ್ನೆ. ಬೇಳೆಗೆ ಬೇಕಾಗಿದ್ದು ಗುಳ್ಳೆಗಳ ಗಲಾಟೆ ಅಲ್ಲ, ಬಿಸಿ. ಕಾಳಿನೊಳಗೆ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಬೇಕು. ಆ ಕೆಲಸ ಐದು ಡಿಗ್ರಿ ಕಡಿಮೆಯಾದರೂ ಚೆನ್ನಾಗಿಯೇ ನಿಧಾನವಾಗುತ್ತೆ. ಕೊತಕೊತ ಅನ್ನುವ ಸದ್ದು ಕೇಳಿ ಅಡುಗೆ ಆಗುತ್ತಿದೆ ಅಂದುಕೊಳ್ಳುವುದು ಮೈಕ್‌ಸೆಟ್ ಜೋರಾಗಿದೆ ಅಂತ ಭಾಷಣ ಚೆನ್ನಾಗಿದೆ ಅಂದುಕೊಂಡ ಹಾಗೆ.

ಇದೇ ಪೇಚಿಗೆ ಚಾರ್ಲ್ಸ್ ಡಾರ್ವಿನ್ ಕೂಡ ಸಿಕ್ಕಿಕೊಂಡಿದ್ದ. ಅದು ಕೊಲರಾಡೋದಲ್ಲಿ ಅಲ್ಲ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ, 1835ರ ಮಾರ್ಚ್‌ನಲ್ಲಿ. ರಾತ್ರಿಯಿಡೀ ಆಲೂಗಡ್ಡೆ ಒಲೆಯ ಮೇಲಿತ್ತು. ಬೆಳಿಗ್ಗೆ ಮತ್ತೆ ಕುದಿಸಿದರು. ಆಲೂಗಡ್ಡೆ ಕಲ್ಲಿನ ಹಾಗೇ ಇತ್ತು. ಜೊತೆಗಿದ್ದವರು ಕೂತು ಚರ್ಚೆ ಮಾಡಿ ತೀರ್ಮಾನಕ್ಕೆ ಬಂದರು: ಈ ಹಾಳು ಪಾತ್ರೆ ಹೊಸದು, ಅದಕ್ಕೆ ಆಲೂಗಡ್ಡೆ ಬೇಯಿಸಲು ಮನಸ್ಸಿಲ್ಲ! ನಗಬೇಡಿ. ನಮ್ಮ ಮನೆಗಳಲ್ಲೂ ಹಾಲು ಒಡೆದರೆ, ಹಿಟ್ಟು ಹುಳಿ ಬರದಿದ್ದರೆ ‘ಯಾರ ಕಣ್ಣು ಬಿತ್ತೋ’ ಅನ್ನುವವರು ಇದ್ದೇ ಇದ್ದಾರೆ. ಕಾಣದ ಗಾಳಿಗಿಂತ ಕಾಣುವ ಪಾತ್ರೆಯನ್ನೋ ಪಕ್ಕದ ಮನೆಯವರನ್ನೋ ಬೈಯುವುದು ಸುಲಭ, ಅಲ್ವಾ?

ಗ್ಯಾಸ್ಕೆಟ್ ಬಂತು. ಕುಕ್ಕರ್‌ನಲ್ಲಿಟ್ಟರೆ ಕಥೆ ಮುಗಿಯಿತು ಅಂದುಕೊಂಡೆ. ಊರಲ್ಲಿ ಮೂರು ಕೂಗಿಗೆ ಬೇಯುವ ಬೇಳೆಗೆ ತಂಗಿ ಐದು ಕೂಗಿಸುತ್ತಾಳೆ. ಯಾಕೆ ಅಂದರೆ ‘ಇಲ್ಲಿ ಹಾಗೇ’ ಅಂದಳು. ಆಮೇಲೆ ಹೊಳೆಯಿತು. ಕುಕ್ಕರ್ ವೆಯ್ಟ್ ಒಳಗಿನ ಒತ್ತಡವನ್ನು ಇಷ್ಟೇ ಅಂತ ಕಟ್ಟುವುದಿಲ್ಲ. ಹೊರಗೆ ಎಷ್ಟಿದೆಯೋ ಅದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತೆ ಅಷ್ಟೇ. ಕುಳ್ಳ ಮನುಷ್ಯ ಎಷ್ಟು ದೊಡ್ಡ ಪೇಟ ಸುತ್ತಿದರೂ ಅದೇ ಪೇಟ ಸುತ್ತಿದ ಉದ್ದನೆಯವನಿಗಿಂತ ಕುಳ್ಳನೇ. ಸಮುದ್ರದ ದಡದಲ್ಲಿ ಸುಮಾರು 120 ಡಿಗ್ರಿ ತಲುಪುವ ಕುಕ್ಕರ್ ಡೆನ್ವರ್‌ನಲ್ಲಿ 118, ಲೆಡ್‌ವಿಲ್‌ನಲ್ಲಿ 116ರ ಹತ್ತಿರ ನಿಲ್ಲುತ್ತೆ. ಅಮೆರಿಕದಲ್ಲಿ ಕೇಕ್ ಹಿಟ್ಟಿನ ಡಬ್ಬಗಳ ಮೇಲೆ ಎತ್ತರದ ಊರಿನವರಿಗೆ ಅಂತಲೇ ಬೇರೆ ಅಳತೆ ಅಚ್ಚು ಹಾಕಿರುತ್ತಾರೆ. ನೀರು ಸ್ವಲ್ಪ ಜಾಸ್ತಿ, ಒಂದೆರಡು ಚಮಚ ಮೈದಾ ಜಾಸ್ತಿ. ಒತ್ತಡ ಕಡಿಮೆ ಇದ್ದಲ್ಲಿ ಕೇಕ್ ಬೇಗ ಉಬ್ಬಿ, ಗಟ್ಟಿಯಾಗುವ ಮೊದಲೇ ಕುಸಿದು ಬೀಳುತ್ತೆ.

ಇನ್ನೊಂದು ತಪ್ಪು ಕಲ್ಪನೆ. ಬೆಟ್ಟದ ಮೇಲೆ ‘ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ’ ಅನ್ನುತ್ತಾರೆ. ಶೇಕಡ 21 ಅಲ್ಲೂ ಅಷ್ಟೇ, ಮಂಗಳೂರಿನಲ್ಲೂ ಅಷ್ಟೇ. ಹಾಲಿಗೆ ನೀರು ಬೆರೆಸಿಲ್ಲ, ಲೋಟವೇ ಚಿಕ್ಕದು. ಒಂದು ಉಸಿರಿಗೆ ಸಿಗುವ ಗಾಳಿಯೇ ಕಡಿಮೆ. ಮೊದಲ ದಿನ ತಂಗಿಯ ಮನೆಯ ಮೆಟ್ಟಿಲು ಹತ್ತಿ ನಾನು ಏದುಸಿರು ಬಿಟ್ಟಾಗ ಅವಳ ಮಗ ನಕ್ಕಿದ್ದು ಬೇರೆ ವಿಷಯ.

ತೆಳು ಗಾಳಿಯಿಂದ ಲಾಭ ಆದದ್ದು ಬೇಸ್‌ಬಾಲ್ ಬ್ಯಾಟ್ ಹಿಡಿದವರಿಗೆ. ಡೆನ್ವರ್‌ನ ಕೂರ್ಸ್ ಫೀಲ್ಡ್ ಮೈದಾನ 1995ರಲ್ಲಿ ಶುರುವಾಯಿತು. ಚೆಂಡಿಗೆ ತಡೆ ಕಡಿಮೆ, ಹೊಡೆತ ಶೇಕಡ 5ರಷ್ಟು ಜಾಸ್ತಿ ದೂರ ಹೋಗುತ್ತೆ. ಚೆಂಡು ತಿರುಗಿಸಿ ಬಾಗಿಸುವವನಿಗೆ ಒರಗಿಕೊಳ್ಳಲು ಗಾಳಿಯೇ ಸಾಲದು. 1999ರ ಒಂದೇ ಋತುವಿನಲ್ಲಿ ಆ ಮೈದಾನದಲ್ಲಿ 303 ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಬಿದ್ದವು. ಬೌಲರ್‌ಗಳ ಗೋಳು ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ ಹೊಡೆಸಿಕೊಂಡವರಿಗೆ ಅರ್ಥವಾದೀತು. ಆದರೆ ತಪ್ಪು ಪೂರ್ತಿ ಎತ್ತರದ್ದಲ್ಲ. ಅಲ್ಲಿನ ಒಣಹವೆಗೆ ಚೆಂಡು ಒಣಗಿ, ಗಟ್ಟಿಯಾಗಿ, ಜಾಸ್ತಿ ಪುಟಿಯುತ್ತಿತ್ತು. 2002ರಿಂದ ಚೆಂಡುಗಳನ್ನು ತೇವಾಂಶ ಕಾಯುವ ಕೋಣೆಯಲ್ಲಿ ಇಡತೊಡಗಿದರು. ಹೊಡೆತಗಳು ಇಳಿದವು. ಆ ಮೈದಾನದ ಮೇಲಿನ ಗ್ಯಾಲರಿಯಲ್ಲಿ ಒಂದು ಸಾಲು ಕುರ್ಚಿ ಮಾತ್ರ ನೇರಳೆ ಬಣ್ಣದ್ದು. ಅದು ಸಮುದ್ರ ಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ ಅಂತ ಗುರುತು.

ಆ ‘ಸರಿಯಾಗಿ’ ಅನ್ನುವ ಪದದಲ್ಲೇ ಮಜಾ ಇರುವುದು. ಡೆನ್ವರ್‌ನ ಹೆಮ್ಮೆಯೇ ಒಂದು ಮೈಲಿ, 5,280 ಅಡಿ. ಅಲ್ಲಿನ ಕ್ಯಾಪಿಟಲ್ ಭವನ ನಮ್ಮ ವಿಧಾನಸೌಧದ ಹಾಗೆ, ಗುಮ್ಮಟಕ್ಕೆ ಚಿನ್ನದ ಹಾಳೆ ಹೊದಿಸಿದ್ದಾರೆ. ಅದರ ಪಶ್ಚಿಮದ ಮೆಟ್ಟಿಲುಗಳಲ್ಲಿ ಹದಿನೈದನೆಯದಕ್ಕೆ 1909ರಲ್ಲಿ ಹಿತ್ತಾಳೆ ಫಲಕ ಹಾಕಿದರು, ಇಲ್ಲಿಗೆ ಒಂದು ಮೈಲಿ ಅಂತ. ಜನ ಫಲಕ ಕದ್ದರು. ಮತ್ತೆ ಹಾಕಿದರು, ಮತ್ತೆ ಕದ್ದರು. ಬೇಸತ್ತು 1947ರಲ್ಲಿ ಕಲ್ಲಿನಲ್ಲೇ ಕೆತ್ತಿಬಿಟ್ಟರು. 1969ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಳೆದು, ಮೈಲಿ ಇರುವುದು ಹದಿನೆಂಟನೇ ಮೆಟ್ಟಿಲಲ್ಲಿ ಅಂದರು. ಅಲ್ಲೊಂದು ಗುರುತು. 2003ರಲ್ಲಿ ಇನ್ನೊಮ್ಮೆ ಅಳೆದಾಗ ಅದು ಹದಿಮೂರಕ್ಕೆ ಇಳಿಯಿತು.

ಕಟ್ಟಡ ಅಲ್ಲಾಡಿಲ್ಲ. ಅಲ್ಲಾಡಿದ್ದು ಸಮುದ್ರ. ಡೆನ್ವರ್‌ನಿಂದ ಸಮುದ್ರಕ್ಕೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ದಡದಿಂದ ಆ ಮೆಟ್ಟಿಲ ಅಡಿಯವರೆಗೆ ಒಂದು ಕಾಲುವೆ ತೋಡಿದ್ದರೆ ನೀರು ಎಲ್ಲಿಗೆ ನಿಲ್ಲುತ್ತಿತ್ತು ಅಂತ ಲೆಕ್ಕ ಹಾಕಬೇಕು. ನೆಲದೊಳಗಿನ ಬಂಡೆ, ಪಕ್ಕದ ಬೆಟ್ಟ ಎಲ್ಲ ಆ ನೀರನ್ನು ತಮ್ಮ ಕಡೆ ಎಳೆಯುತ್ತವೆ. ಹಾಗಾಗಿ ಆ ಮಟ್ಟ ಸಪಾಟಲ್ಲ. ಮೊದಲು 1929ರ ಲೆಕ್ಕ ಬಳಕೆಯಲ್ಲಿತ್ತು. ಅದನ್ನು ಬಿಟ್ಟು 1988ರ ಹೊಸ ಲೆಕ್ಕ ಹಿಡಿದಾಗ ಡೆನ್ವರ್ ಕೂತಲ್ಲೇ ಸುಮಾರು ಮೂರು ಅಡಿ ಎತ್ತರವಾಯಿತು, ಮೈಲಿಯ ಗುರುತು ಐದು ಮೆಟ್ಟಿಲು ಕೆಳಗಿಳಿಯಿತು.

ನಕಾಶೆಯ ಕಥೆಯೂ ಇದೇ. ಕೊಲರಾಡೋ ನೋಡಲು ರೂಲರ್ ಇಟ್ಟು ಗೆರೆ ಹಾಕಿದ ಆಯತ. ಭೂಮಿ ಗುಂಡಗಿರುವುದರಿಂದ ಅದರ ಉತ್ತರದ ಗಡಿ ದಕ್ಷಿಣದ್ದಕ್ಕಿಂತ ಸುಮಾರು 34 ಕಿಲೋಮೀಟರ್ ಗಿಡ್ಡ. ಜೊತೆಗೆ ಹಿಂದಿನ ಸರ್ವೆಯವರು ಬೆಟ್ಟ ಕಣಿವೆಗಳಲ್ಲಿ ಸರಪಳಿ ಎಳೆದುಕೊಂಡು ಹೋಗುವಾಗ ಅಲ್ಲಿ ಇಲ್ಲಿ ಸೊಟ್ಟ ಹೋದರು. ಅವರು ನೆಟ್ಟ ಕಲ್ಲುಗಳೇ ಗಡಿ ಅಂತ 1925ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೊಟ್ಟಗಳನ್ನೆಲ್ಲ ಎಣಿಸಿದವರು ಈ ‘ಆಯತ’ಕ್ಕೆ 697 ಬದಿ ಇವೆ ಅನ್ನುತ್ತಾರೆ.

ವಾಪಸ್ ಬರುವ ಹಿಂದಿನ ದಿನ ಕ್ಯಾಪಿಟಲ್ ಮೆಟ್ಟಿಲ ಹತ್ತಿರ ಹೋಗಿದ್ದೆವು. ಪ್ರವಾಸಿಗರೆಲ್ಲ ಕಲ್ಲಿನಲ್ಲಿ ಕೆತ್ತಿದ ಹದಿನೈದನೇ ಮೆಟ್ಟಿಲಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವು ಎರಡು ಮೆಟ್ಟಿಲು ಕೆಳಗೆ, ಪುಟ್ಟ ಹಿತ್ತಾಳೆ ಬಿಲ್ಲೆಯ ಪಕ್ಕ ಕೂತು ಬುತ್ತಿ ಬಿಚ್ಚಿದೆವು. ಐದು ಕೂಗಿನ ಬೇಳೆ ಹಾಕಿದ ಬಿಸಿಬೇಳೆ ಬಾತ್.